ಸ್ಟ್ರಾನಹನ್ ಉದ್ಯಾನದ ಊಟದ ಮೇಜು

ಅಮೆರಿಕದ ಫ್ಲೋರಿಡಾ ರಾಜ್ಯದಲ್ಲಿ, ಮಯಾಮಿ ನಗರದಿಂದ ಉತ್ತರಕ್ಕೆ ಸುಮಾರು 45 ಕಿಲೋಮೀಟರ್ ದೂರದಲ್ಲಿ, ಫೋರ್ಟ್ ಲಾಡರ್‌ಡೇಲ್ ಎಂಬ ಕಡಲತೀರದ ಪಟ್ಟಣವಿದೆ. ಊರ ತುಂಬ ಕಾಲುವೆಗಳು. ಅದರಿಂದಲೇ ಅದಕ್ಕೆ ಅಮೆರಿಕದ ವೆನಿಸ್ ಎಂಬ ಬಿರುದು. ಕಾಲುವೆಯ ದಂಡೆಗೆ ಸಿರಿವಂತರ ಮನೆಗಳು, ಮನೆಯ ಹಿಂಬಾಗಿಲಿಗೇ ಕಟ್ಟಿದ ವಿಹಾರನೌಕೆಗಳು. ಪ್ರವಾಸಿಗರು ನೋಡಿ ಹೋಗುವುದು ಇವನ್ನೇ. ಊರ ನಡುವಿನ ಸ್ಟ್ರಾನಹನ್ ಉದ್ಯಾನವನ್ನು ನೋಡಲೆಂದು ದೂರದಿಂದ ಬರುವವರು ವಿರಳ. ನ್ಯೂ ರಿವರ್ ನದಿಯಲ್ಲಿ ದೋಣಿ ದಾಟಿಸುತ್ತ, ಸೆಮಿನೋಲ್ ಮೂಲನಿವಾಸಿಗಳೊಡನೆ ವ್ಯಾಪಾರ ಮಾಡುತ್ತ ನೆಲೆಯೂರಿದ ಫ್ರಾಂಕ್ ಸ್ಟ್ರಾನಹನ್‌ನ ಹೆಸರನ್ನು ಅದಕ್ಕೆ ಇಟ್ಟಿದ್ದಾರೆ. ಸುತ್ತ ಕಚೇರಿಗಳು, ಸಮೀಪದಲ್ಲೇ ಕೌಂಟಿಯ ದೊಡ್ಡ ಗ್ರಂಥಾಲಯ. ಮನೆಯಿಲ್ಲದವರು ಕೂಡುವ ತಾಣವೆಂದೇ ಊರವರಲ್ಲಿ ಅದು ಪರಿಚಿತ.

ಈ ಉದ್ಯಾನದಲ್ಲಿ ವಾರಕ್ಕೊಮ್ಮೆ ಒಂದು ಮೇಜು ಹಾಕಲಾಗುತ್ತಿತ್ತು. ಹಾಕುತ್ತಿದ್ದವರು ‘ಫುಡ್ ನಾಟ್ ಬಾಂಬ್ಸ್’ ಎಂಬ ಬಳಗದವರು. ಬೇಕಾದುದು ಬಾಂಬಲ್ಲ, ಅನ್ನ ಎಂಬುದೇ ಹೆಸರಿನ ತಾತ್ಪರ್ಯ. ಗಜ್ಜರಿಯನ್ನು ಹಿಡಿದ ಮುಷ್ಟಿಯ ಚಿತ್ರವುಳ್ಳ ಬಟ್ಟೆಯ ಫಲಕ, ಅದರಡಿಯಲ್ಲಿ ಸಸ್ಯಾಹಾರದ ಅಡುಗೆ; ಬಂದವರಿಗೆಲ್ಲ ಊಟ, ಹಣದ ಮಾತಿಲ್ಲ. ಇದು ಭಿಕ್ಷೆಯಲ್ಲ, ದಾನವೂ ಅಲ್ಲ, ಯುದ್ಧಕ್ಕೆ ಸುರಿಯುವ ಹಣ ಹಸಿವಿಗೆ ಸಲ್ಲಬೇಕೆಂದು ಊಟದ ಮೂಲಕವೇ ಹೇಳುವ ಮಾತು ಎಂಬುದು ಅವರ ನಿಲುವು.

2014ರ ಅಕ್ಟೋಬರಿನಲ್ಲಿ ನಗರಾಡಳಿತವು ಬಯಲಿನಲ್ಲಿ ಅನ್ನ ಹಂಚುವುದಕ್ಕೆ ಕಟ್ಟುನಿಟ್ಟಿನ ನಿಯಮಗಳನ್ನು ತಂದಿತು. ಉದ್ಯಾನಗಳ ಮಟ್ಟಿಗಂತೂ ಬೇರೊಂದು ನಿಯಮವೇ ಇತ್ತು: ನಗರದ ಲಿಖಿತ ಒಪ್ಪಿಗೆಯಿಲ್ಲದೆ ಅಲ್ಲಿ ಯಾರಿಗೂ ಸಮಾಜಸೇವೆಯಾಗಿ ಅನ್ನ ಕೊಡುವಂತಿಲ್ಲ. ಕಸ, ಶುಚಿತ್ವ, ನೆರೆಹೊರೆಯವರ ದೂರು, ಎಲ್ಲರಿಗೂ ಸೇರಿದ ಉದ್ಯಾನವನ್ನು ಉಳಿದವರು ಬಳಸಲಾರದ ಸ್ಥಿತಿ, ಇವು ನಗರದ ಕಾರಣಗಳು. ಇವನ್ನು ಬರಿಯ ನೆಪವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಉಂಡೆದ್ದ ಜಾಗವನ್ನು ಗುಡಿಸುವವರಿಗೆ ಅದರ ಕಷ್ಟ ಗೊತ್ತು. ಆದರೆ ಎಲೆ ಎತ್ತುವ ಕೆಲಸಕ್ಕೆ ಹೆದರಿ ಪಂಕ್ತಿಯನ್ನೇ ಎಬ್ಬಿಸುವುದು ವಿವೇಕವೆನಿಸದು.

ನವೆಂಬರ್ 2ರಂದು ಪೊಲೀಸರು ಬಂದಾಗ ಬಡಿಸುತ್ತಿದ್ದವರಲ್ಲಿ ಆರ್ನಲ್ಡ್ ಆಬಟ್ ಇದ್ದರು. ವಯಸ್ಸು 90, ಎರಡನೆಯ ಮಹಾಯುದ್ಧದ ಸೈನಿಕರು. 1991ರಿಂದ, ತೀರಿಹೋದ ಪತ್ನಿಯ ನೆನಪಿನಲ್ಲಿ ಅವರು ಈ ಕೆಲಸ ನಡೆಸಿಕೊಂಡು ಬಂದಿದ್ದರು. ಅವರ ಮೇಲೂ ಇಬ್ಬರು ಪಾದ್ರಿಗಳ ಮೇಲೂ ಮೊಕದ್ದಮೆ ದಾಖಲಾಯಿತು. ಶಿಕ್ಷೆಯಾಗಿದ್ದರೆ 60 ದಿನಗಳವರೆಗೆ ಸೆರೆಮನೆ, 500 ಡಾಲರ್‌ವರೆಗೆ ದಂಡ. ತೊಂಬತ್ತರ ಮುದುಕರು ಬಡಿಸಿದ್ದಕ್ಕೆ ಅಪರಾಧಿಯಾದರೆಂಬ ಸುದ್ದಿ ದೇಶವಿದೇಶಗಳಿಗೆ ಹಬ್ಬಿತು. ಆಬಟ್ ಬಡಿಸುವುದನ್ನು ನಿಲ್ಲಿಸಲಿಲ್ಲ. 2019ರಲ್ಲಿ, 94ರ ವಯಸ್ಸಿನಲ್ಲಿ, ಅವರು ನಿಧನರಾದರು.

ಫುಡ್ ನಾಟ್ ಬಾಂಬ್ಸ್ ಬಳಗ ನಗರದ ಮೇಲೆ ದಾವೆ ಹೂಡಿತು. ಕೆಳಗಿನ ನ್ಯಾಯಾಲಯದಲ್ಲಿ ನಗರವೇ ಗೆದ್ದಿತು. ಮೇಲ್ಮನವಿಯಲ್ಲಿ ಎದುರಾದ ಪ್ರಶ್ನೆ ವಿಚಿತ್ರವೂ ಸೊಗಸಾದದ್ದೂ ಆಗಿತ್ತು: ಅನ್ನ ಹಂಚುವುದು ಮಾತನಾಡಿದಂತೆ ಆಗುತ್ತದೆಯೇ? ಆಗುತ್ತದೆಂದು 2018ರ ಆಗಸ್ಟಿನಲ್ಲಿ ನ್ಯಾಯಾಲಯ ಹೇಳಿತು. ಫಲಕ, ಮೇಜು, ಎಲ್ಲರಿಗೂ ಕಾಣುವ ಆ ಜಾಗ, ಕರೆಯಿಲ್ಲದೆ ಬಂದವರಿಗೂ ಇದ್ದ ಸ್ವಾಗತ, ಇವೆಲ್ಲ ಕೂಡಿದಾಗ ನೋಡುವವರಿಗೆ ಏನೋ ಒಂದು ಸಂದೇಶ ಮುಟ್ಟುತ್ತದೆ ಎಂಬುದು ಅದರ ತರ್ಕ. ಸಮಾಜ ದೂರವಿಟ್ಟವರೊಡನೆ ಯೇಸು ಕೂತು ಉಂಡದ್ದನ್ನು ತೀರ್ಪು ನೆನೆಯಿತು. ಪಂಕ್ತಿಭೇದವೆಂಬ ಮಾತನ್ನು ಬಲ್ಲ ಕನ್ನಡ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2021ರಲ್ಲಿ ಅದೇ ನ್ಯಾಯಾಲಯ, ಒಪ್ಪಿಗೆ ಕೊಡುವುದಕ್ಕೂ ನಿರಾಕರಿಸುವುದಕ್ಕೂ ಯಾವ ಮಾನದಂಡವೂ ಇಲ್ಲದ ಆ ಉದ್ಯಾನ ನಿಯಮವು ಈ ಬಳಗದ ಮಟ್ಟಿಗೆ ಸಂವಿಧಾನಬಾಹಿರವೆಂದು ತೀರ್ಮಾನಿಸಿತು.

ಅದೇ ರಾಜ್ಯದ ಒರ್ಲ್ಯಾಂಡೊ ನಗರದಲ್ಲಿ, ಇಯೋಲಾ ಸರೋವರದ ಉದ್ಯಾನದ ಸುತ್ತ ನಡೆದ ಇಂಥದೇ ಜಗಳಕ್ಕೆ ಬೇರೆಯೇ ಮುಕ್ತಾಯ ದೊರೆತಿತ್ತು. ಅಲ್ಲಿ 25 ಅಥವಾ ಅದಕ್ಕಿಂತ ಹೆಚ್ಚು ಜನ ಸೇರುವ ಊಟಕ್ಕೆ ಪರವಾನಗಿ ಬೇಕು, ಒಂದು ಉದ್ಯಾನಕ್ಕೆ ವರ್ಷದಲ್ಲಿ ಎರಡೇ ಬಾರಿ ಎಂಬುದು 2006ರ ಕಟ್ಟಳೆ. 2011ರಲ್ಲಿ ಇದೇ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿದಿತ್ತು. ಅಲ್ಲಿ ಎಷ್ಟು ಬಾರಿ ಎಂಬುದನ್ನಾದರೂ ಕಾಗದದಲ್ಲಿ ಬರೆದಿದ್ದರು. ಫೋರ್ಟ್ ಲಾಡರ್‌ಡೇಲ್‌ನಲ್ಲಿ ಅದು ಅಧಿಕಾರಿಯ ಇಚ್ಛೆಗೆ ಬಿಟ್ಟದ್ದಾಗಿತ್ತು.