ಕೇಳುವವನ ತಾಳ್ಮೆ

ಮನುಷ್ಯನ ಸ್ವಭಾವಕ್ಕೆ ಹೆಸರಿಡುವುದು ಸುಲಭ. ಅದನ್ನು ತಿಳಿಯುವುದು ಕಷ್ಟ. ಒಬ್ಬನನ್ನು ಮುಂಗೋಪಿಯೆಂದೋ ಮತ್ತೊಬ್ಬನನ್ನು ಸೋಮಾರಿಯೆಂದೋ ಕರೆದ ಮೇಲೆ, ಅವನ ವಿಷಯದಲ್ಲಿ ತಿಳಿಯತಕ್ಕದ್ದೇನೂ ಉಳಿಯಲಿಲ್ಲವೆಂದು ನಾವು ನಿಶ್ಚಿಂತರಾಗುತ್ತೇವೆ. ಅಮೆರಿಕಾ ದೇಶದ ಮನಶ್ಶಾಸ್ತ್ರಜ್ಞನಾದ ಕಾರ್ಲ್ ರೋಜರ್ಸನ (1902–1987) ಬರಹಗಳು ಈ ನಿಶ್ಚಿಂತೆಯನ್ನು ಕದಡುತ್ತವೆ.

ಫ್ರಾಯ್ಡನ ಪಂಥವು ವ್ಯಕ್ತಿಯನ್ನು ಅವನ ಅರಿವಿಗೆ ನಿಲುಕದ ಬಯಕೆಗಳಿಂದ ವಿವರಿಸಿತು. ವರ್ತನವಾದಿಗಳು ಹೊರಗಿನ ಪ್ರಚೋದನೆಗಳಿಂದ ವಿವರಿಸಿದರು. ಮ್ಯಾಸ್ಲೋ, ರೋಜರ್ಸ್ ಮೊದಲಾದವರ ಮಾನವತಾವಾದಿ ಪಂಥವಾದರೋ ವ್ಯಕ್ತಿಯ ಸ್ವಾನುಭವವನ್ನೇ ಮೊದಲ ಸಾಕ್ಷಿಯೆಂದು ಎಣಿಸಿತು.

ರೋಜರ್ಸನು 12 ವರ್ಷಕಾಲ ರಾಚೆಸ್ಟರ್ ನಗರದಲ್ಲಿ ಕಷ್ಟಕ್ಕೆ ಸಿಕ್ಕಿದ ಮಕ್ಕಳಿಗಾಗಿ ದುಡಿದನು. ಅಲ್ಲಿಗೆ ಬಂದ ಒಬ್ಬ ತುಂಟ ಹುಡುಗನ ತಾಯಿಯ ಸಂಗತಿಯನ್ನು 1961ರ ತನ್ನ ಗ್ರಂಥವೊಂದರಲ್ಲಿ ಹೇಳಿದ್ದಾನೆ. ಎಳವೆಯಲ್ಲಿ ಮಗನನ್ನು ಆಕೆ ಒಲ್ಲದಿದ್ದುದೇ ಎಲ್ಲಕ್ಕೂ ಮೂಲವೆಂದು ಇವನ ನಿರ್ಣಯ. ಎಷ್ಟು ಬಾರಿ ಸೂಚಿಸಿದರೂ ಆಕೆಗೆ ಅದು ಮನವರಿಕೆಯಾಗಲಿಲ್ಲ. ಕಡೆಗೆ, ಇಬ್ಬರೂ ಸೋತೆವೆಂದು ಒಪ್ಪಿ ಕೈಕುಲುಕಿದರು. ಬಾಗಿಲವರೆಗೆ ಹೋದ ಆಕೆ ತಿರುಗಿ, ದೊಡ್ಡವರಿಗೂ ಇಲ್ಲಿ ನೆರವು ದೊರೆಯುವುದೇ ಎಂದು ಕೇಳಿದಳು. ಮರಳಿ ಕುಳಿತು ತನ್ನ ದಾಂಪತ್ಯದ ದುಃಖವನ್ನು ತೋಡಿಕೊಂಡಳು. ನೋವಿರುವ ಎಡೆಯನ್ನು ನೊಂದವನೇ ಬಲ್ಲನೆಂಬ ಪಾಠವನ್ನು ರೋಜರ್ಸನು ಅಂದು ಕಲಿತನು. ಒಳಹೊರಗೆ ಒಂದಾಗಿರುವುದು, ಎದುರಿನವನನ್ನು ಕರಾರಿಲ್ಲದೆ ಆದರಿಸುವುದು, ಅವನ ಲೋಕವನ್ನು ಅವನ ಕಣ್ಣಿನಿಂದ ಕಾಣುವುದು – ಈ ಮೂರೂ ಕೇಳುವವನಲ್ಲಿರಬೇಕೆಂದು 1957ರಲ್ಲಿ ಬರೆದನು.

ಇದು ಚಿಕಿತ್ಸಾಲಯಕ್ಕೆ ಮಾತ್ರ ಸಲ್ಲುವ ವಿದ್ಯೆಯಲ್ಲ. ನನ್ನ ಭಾವನವರು ತೀರಿಹೋದ ವರ್ಷ ಬಂಧುಗಳೆಲ್ಲ ಬಂದು ಅಕ್ಕನಿಗೆ ಸಮಾಧಾನ ಹೇಳಿದರು. ಅವಳು ಅಳದಿರುವುದನ್ನು ಕಂಡು ಕಲ್ಲುಮನಸ್ಸಿನವಳೆಂದೂ ಆಡಿಕೊಂಡರು. ಒಂದು ಸಂಜೆ ಅವಳು ಅವರೆಕಾಯಿ ಸುಲಿಯುತ್ತಿದ್ದಾಗ ನಾನೂ ಪಕ್ಕದಲ್ಲಿ ಕುಳಿತು ಸುಲಿಯತೊಡಗಿದೆನು. ಬಹಳ ಹೊತ್ತಿನ ಮೇಲೆ, "ನನಗೆ ದುಃಖಕ್ಕಿಂತ ಕೋಪವೇ ಹೆಚ್ಚು, ಸಾಲವೆಷ್ಟಿದೆಯೆಂದೂ ಹೇಳದೆ ಹೋದರು" ಎಂದಳು. ವೇದಾಂತದ ಮಾತೊಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿ, "ಕೋಪವೇ?" ಎಂದಷ್ಟೇ ಕೇಳಿದೆನು. ದೀಪ ಹಚ್ಚುವ ಹೊತ್ತು ಮೀರುವವರೆಗೂ ಅವಳು ಮಾತನಾಡಿದಳು, ಆಮೇಲೆ ಅತ್ತಳು.

ಮನುಷ್ಯನಲ್ಲಿ ಒಳಿತಿನ ಕಡೆಗೆ ಬೆಳೆಯುವ ಶಕ್ತಿ ಸಹಜವಾಗಿದೆಯೆಂದು ರೋಜರ್ಸನು ನಂಬಿದ್ದನು. ಅದೇ ಪಂಥದ ರೋಲೋ ಮೇ 1982ರಲ್ಲಿ ಬಹಿರಂಗ ಪತ್ರ ಬರೆದು, ಕೆಡುಕೂ ಮನುಷ್ಯನಲ್ಲಿಯೇ ಇದೆಯೆಂದು ವಾದಿಸಿದನು. ನನಗೂ ಆ ಸಂದೇಹ ತೀರಿಲ್ಲ. ಆದರೆ ಮನೆಯಲ್ಲಿ ಮೌನವಾಗಿರುವವರ ಬಳಿ ಅರ್ಧಗಂಟೆ ಕುಳಿತು ಕೇಳುವುದಕ್ಕೆ ಆ ವಾದವು ಮುಗಿಯಬೇಕಾಗಿಲ್ಲ.