ತೊಗರ್ಸಿಯ ಕಲ್ಲು, ಪಟ್ಟಣದ ಹೊನ್ನು

ಶಿಕಾರಿಪುರವನ್ನು ಬಿಟ್ಟು ಸೊರಬದ ಸೀಮೆಯತ್ತ ಹೊರಟ ಪ್ರವಾಸಿಗೆ ಬಯಲು ಎಲ್ಲಿ ಮುಗಿಯಿತು, ಮಲೆನಾಡು ಎಲ್ಲಿ ಮೊದಲಾಯಿತು ಎಂಬುದು ಸುಲಭವಾಗಿ ತಿಳಿಯದು. ಒಂದೆಡೆ ಮೆಕ್ಕೆಜೋಳದ ಹೊಲ, ಇನ್ನೊಂದೆಡೆ ಅಡಕೆಯ ತೋಟ, ನಡುವೆ ಯಾವುದೋ ಹಳೆಯ ಕೆರೆಯ ಏರಿ. ಈ ಅರೆಮಲೆನಾಡಿನ ಮಡಿಲಲ್ಲಿದೆ ತೊಗರ್ಸಿ. ಮಲ್ಲಿಕಾರ್ಜುನನ ಗುಡಿಯಿಂದ ಸುತ್ತಣ ಹಳ್ಳಿಗಳಿಗೆಲ್ಲ ಪರಿಚಿತವಾದ ಊರು. ಬನವಾಸಿ ಪನ್ನಿರ್ಛಾಸಿರದ ಒಳಗೆ ನಾಗರಖಂಡವೆಂದು ಹೆಸರಾಗಿದ್ದ ನಾಡು ಇದು. ತಾಳಗುಂದ, ಬಳ್ಳಿಗಾವೆ, ಬಂದಳಿಕೆ—ಕರ್ನಾಟಕದ ಚರಿತ್ರೆಯನ್ನು ಓದಿದವರಿಗೆ ಈ ಹೆಸರುಗಳ ಪರಿಚಯವನ್ನು ಮಾಡಿಕೊಡಬೇಕಾಗಿಲ್ಲ.

ಈ ಸೀಮೆಯ ನಿಜವಾದ ಐಶ್ವರ್ಯ ಕಲ್ಲಿನ ಮೇಲಣ ಬರಹ. ಬೆಂಜಮಿನ್ ಲೂಯಿಸ್ ರೈಸರು ಶಿವಮೊಗ್ಗ ಜಿಲ್ಲೆಯ ಶಾಸನಗಳನ್ನು ಅಚ್ಚುಮಾಡಿಸಲು ಎರಡು ದಪ್ಪ ಸಂಪುಟಗಳು ಬೇಕಾದುವು. ಶಿಕಾರಿಪುರದ ಶಾಸನಗಳು 1902ರ ಸಂಪುಟದಲ್ಲಿಯೂ ಸೊರಬದವು 1904ರ ಸಂಪುಟದಲ್ಲಿಯೂ ಬಂದುವು. ಇವುಗಳಲ್ಲಿ ವೀರಗಲ್ಲುಗಳುಂಟು, ಸಮಾಧಿಯ ಕಲ್ಲುಗಳುಂಟು, ದಾನಶಾಸನಗಳಂತೂ ಹೇರಳ. ದಾನಶಾಸನವೆಂದರೆ ಒಂದು ಸ್ವತ್ತಿನ ಜಾತಕವಲ್ಲದೆ ಬೇರೇನು? ಯಾರ ಆಳ್ವಿಕೆ, ಯಾವ ತಿಥಿ, ಕೊಟ್ಟವನಾರು, ಪಡೆದವನಾರು, ಮೂಡಲ ಎಲ್ಲೆ ಯಾವ ಹುತ್ತ, ಪಡುವಣ ಎಲ್ಲೆ ಯಾವ ಹಳ್ಳ—ಎಲ್ಲವೂ ಅಲ್ಲಿ ನಿಚ್ಚಳ. ಕೊನೆಯಲ್ಲಿ, ಇದನ್ನು ಅಪಹರಿಸಿದವನು ಅರುವತ್ತು ಸಾವಿರ ವರ್ಷ ಕ್ರಿಮಿಯಾಗಿ ಬಾಳುವನೆಂಬ ಶಾಪ. ಇಂದಿನ ನೋಂದಣಿ ಕಚೇರಿಗೆ ಈ ಕಡೆಯ ಅನುಕೂಲವೊಂದಿಲ್ಲ!

ಭೂಮಿಯಾದರೋ ನಿಂತಲ್ಲಿ ನಿಲ್ಲುವ ಸ್ವತ್ತು. ಕೈಯಿಂದ ಕೈಗೆ ಹರಿದುಹೋಗುವ ಹೊನ್ನಿನ ಗತಿಯೇನು? ಈ ಪ್ರಶ್ನೆಗೆ ಶಿಕಾರಿಪುರದ ಹೆಸರೇ ಒಂದು ದಾರಿಯನ್ನು ತೋರಿಸುತ್ತದೆ. ಮಳಿಯನಹಳ್ಳಿಯೆಂದೂ ಅನಂತರ ಮಹಾದಾನಪುರವೆಂದೂ ಕರೆಯಿಸಿಕೊಂಡಿದ್ದ ಈ ಊರಿಗೆ, ಹೈದರ್ ಮತ್ತು ಟೀಪೂವಿನ ಕಾಲದಲ್ಲಿ ಸುತ್ತಣ ಕಾಡಿನ ಬೇಟೆಯಿಂದಾಗಿ ‘ಶಿಕಾರಿ’ಯ ಹೆಸರು ಅಂಟಿತೆಂದು ಪ್ರತೀತಿ. 1763ರಲ್ಲಿ ಹೈದರನು ಬಿದನೂರನ್ನು ಗೆದ್ದಮೇಲೆ ಈ ಸೀಮೆ ಶ್ರೀರಂಗಪಟ್ಟಣದ ಅಂಕೆಗೆ ಒಳಪಟ್ಟಿತು.

ಆ ಪಟ್ಟಣದಿಂದ ಹೊರಟ ಟೀಪೂವಿನ ಮೂವರು ರಾಯಭಾರಿಗಳು 1788ರ ಆಗಸ್ಟ್ 10ರಂದು ವರ್ಸೇಲ್ಸ್ ಅರಮನೆಯಲ್ಲಿ ಹದಿನಾರನೆಯ ಲೂಯಿಯನ್ನು ಕಂಡರು. ಆಗಿನ ಫ್ರೆಂಚ್ ಸಿರಿವಂತರ ಮನೆಗಳಲ್ಲಿ ಅಗ್ಗಿಷ್ಟಿಕೆಗೂ ಒಡವೆ ತೊಡಿಸುವ ಪದ್ಧತಿಯಿತ್ತು. ಉರಿಯುವ ಕೊರಡು ನೆಲಕ್ಕೆ ತಾಗದಂತೆ ಎರಡು ಕಬ್ಬಿಣದ ಆಸರೆಗಳು. ಅವುಗಳ ಮುಂಭಾಗದಲ್ಲಿ ಚಿನ್ನದ ನೀರು ಕೊಟ್ಟ ಕಂಚಿನ ಸಿಂಹ, ಜಿಂಕೆ, ಹೂವಿನ ಕಲಶ. ಮಳೆಗಾಲದಲ್ಲಿ ಬಚ್ಚಲೊಲೆಯ ಮುಂದೆ ಕುಳಿತು ಮೈ ಕಾಯಿಸಿಕೊಳ್ಳುವ ನಮ್ಮ ಮಲೆನಾಡಿಗರಿಗೆ ಈ ವೈಭವ ಅತಿಯೆಂದೇ ತೋರೀತು. ಚಿನ್ನವನ್ನು ಪಾದರಸದೊಡನೆ ಕಲಸಿ, ಕಂಚಿಗೆ ಸವರಿ, ಬೆಂಕಿಯಲ್ಲಿ ಪಾದರಸವನ್ನು ಹಾರಿಸಿ ಮಾಡುತ್ತಿದ್ದ ಕೆಲಸವದು. ಆ ಹೊಗೆ ಕುಡಿದ ಕುಶಲಕರ್ಮಿಗಳ ಆಯುಸ್ಸನ್ನೂ ಅದು ಹಾರಿಸುತ್ತಿತ್ತು. ಕ್ರಾಂತಿಯಾದಮೇಲೆ 1793–94ರಲ್ಲಿ ವರ್ಸೇಲ್ಸಿನ ಪೀಠೋಪಕರಣಗಳು 17,000ಕ್ಕೂ ಮಿಕ್ಕ ಗುಂಪುಗಳಾಗಿ ಹರಾಜಾದುವು. ಅಂಥ ವಸ್ತುವೊಂದು ಈಗ ಎಲ್ಲಾದರೂ ದೊರೆತರೆ ಅದರ ಒಡೆಯರ ಸರಪಣಿಯನ್ನು ಹುಡುಕಲು ಇರುವ ಸಾಧನಗಳು ಕೆಲವೇ: ಅರಮನೆಯ ಸಾಮಾನುಪಟ್ಟಿ, ಹರಾಜಿನ ಪುಸ್ತಕ, ಲೋಹದ ಮೇಲಣ ಮುದ್ರೆ. ಕಿರೀಟವುಳ್ಳ ‘ಸಿ’ ಅಕ್ಷರದ ಮುದ್ರೆಯಿದ್ದರೆ ಆ ವಸ್ತು 1745ರಿಂದ 1749ರವರೆಗಿನ ತೆರಿಗೆಗೆ ಒಳಪಟ್ಟದ್ದೆಂದು ತಿಳಿಯಬೇಕು.

ಫ್ರಾನ್ಸಿನ ದೊರೆಗೆ ಬಂದ ಗತಿಯೇ ಆರು ವರ್ಷ ತಡವಾಗಿ ಮೈಸೂರಿಗೂ ಬಂದಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಟೀಪೂವಿನ ಎಂಟು ಮೂಲೆಯ ಸಿಂಹಾಸನ, ಮರದ ಮೇಲೆ ಚಿನ್ನದ ತಗಡು ಹೊದಿಸಿದ್ದು, ಹುಲಿಯ ಬೆನ್ನಮೇಲೆ ನಿಂತಿತ್ತು. ಸುತ್ತಣ ಕಟಕಟೆಯ ಮೇಲೆ ರತ್ನ ಕೂರಿಸಿದ ಎಂಟು ಚಿಕ್ಕ ಹುಲಿಮುಖಗಳು. ಛತ್ರದ ತುದಿಯಲ್ಲಿ ಹುಮಾ ಪಕ್ಷಿ. ಇಂಗ್ಲಿಷರನ್ನು ಗೆಲ್ಲುವ ತನಕ ಅದನ್ನೇರುವುದಿಲ್ಲವೆಂದು ಸುಲ್ತಾನನು ಪಣ ತೊಟ್ಟಿದ್ದನಂತೆ. ಕೊಳ್ಳೆಯನ್ನು ಹಂಚಲು ನೇಮಿತರಾದ ಅಧಿಕಾರಿಗಳು ಅದನ್ನು ಒಡೆದು ತುಂಡುಮಾಡಿದರು. ಅರಸನಿಗೆ ಇಡಿಯಾಗಿ ಕಳುಹಬೇಕೆಂದಿದ್ದ ಗವರ್ನರ್ ಜನರಲ್ ವೆಲ್ಲೆಸ್ಲಿಯ ಇಷ್ಟ ನೆರವೇರಲಿಲ್ಲ. ಸೈನಿಕನ ದೃಷ್ಟಿಯಲ್ಲಿ ಅದು ಸಿಂಹಾಸನವಲ್ಲ, ತೂಕದ ಚಿನ್ನ.

ಆ ಯುದ್ಧದ ಬಿಸಿ ಈ ಹಳ್ಳಿಗಾಡನ್ನೂ ಬಿಡಲಿಲ್ಲ. ಪಟ್ಟಣದ ಸೆರೆಯಿಂದ ಬಿಡುಗಡೆಗೊಂಡ ಧೋಂಡಿಯಾ ವಾಘನು ಬಿದನೂರು ಸೀಮೆಯಲ್ಲಿ ದಂಡು ಕಟ್ಟಿದನು. ಅದೇ ಆಗಸ್ಟಿನಲ್ಲಿ ಇಂಗ್ಲಿಷ್ ಸೇನೆ ಅವನನ್ನು ಶಿಕಾರಿಪುರದ ಬಳಿಯಲ್ಲಿ ಸೋಲಿಸಿತು. ಅವನು ಮರಾಠರ ನೆಲಕ್ಕೆ ದಾಟಿಹೋಗಿ ಮರುವರ್ಷ ಸೆಪ್ಟೆಂಬರಿನಲ್ಲಿ ಮಡಿದನು.

ಸಿಂಹಾಸನದ ತುಣುಕುಗಳ ಪಯಣ ವಿಚಿತ್ರವಾದುದು. ಹುಮಾ ಪಕ್ಷಿ ಮೂರನೆಯ ಜಾರ್ಜನ ಪಾಲಾಯಿತು. ದೊಡ್ಡ ಹುಲಿಯ ತಲೆಯನ್ನು ಕಂಪೆನಿಯವರು 1831ರಲ್ಲಿ ನಾಲ್ಕನೆಯ ವಿಲಿಯಮನಿಗೆ ಒಪ್ಪಿಸಿದರು. ಎರಡೂ ಇಂದಿಗೂ ಇಂಗ್ಲೆಂಡಿನ ರಾಜಮನೆತನದ ಸಂಗ್ರಹದಲ್ಲಿವೆ. ಚಿಕ್ಕ ಹುಲಿಮುಖಗಳಲ್ಲೊಂದು ಮದರಾಸಿನ ಗವರ್ನರನಾಗಿದ್ದ ಎಡ್ವರ್ಡ್ ಕ್ಲೈವನ ಕುಟುಂಬಕ್ಕೆ ಸೇರಿ ವೇಲ್ಸಿನ ಪೋವಿಸ್ ಕೋಟೆಯಲ್ಲಿ ಉಳಿಯಿತು. ಮತ್ತೊಂದರ ಕಥೆ ಇನ್ನೂ ಸ್ವಾರಸ್ಯಕರ. ಇಂಡಿಯಾ ವ್ಯವಹಾರಗಳ ಮಂಡಲಿಯ ಸದಸ್ಯನಾಗಿದ್ದ ಥಾಮಸ್ ವಾಲೇಸನು ಅದನ್ನು ಪಡೆದು ಅಮೃತಶಿಲೆಯ ಪೀಠದ ಮೇಲೆ ಕೂರಿಸಿ, ಉತ್ತರ ಇಂಗ್ಲೆಂಡಿನ ಫೆದರ್‌ಸ್ಟನ್ ಕೋಟೆಯಲ್ಲಿರಿಸಿಕೊಂಡಿದ್ದನು. ಅಲ್ಲಿಯ 1843ರ ಸಾಮಾನುಪಟ್ಟಿಯಲ್ಲಿ ಅದರ ನಮೂದಿದೆ. ಆಮೇಲೆ ವಿದ್ವಾಂಸರಿಗೆ ಅದರ ಸುದ್ದಿಯೇ ಇರಲಿಲ್ಲ. 2009ರಲ್ಲಿ ಲಂಡನ್ನಿನ ಬಾನ್‌ಹಮ್ಸ್ ಹರಾಜಿನಲ್ಲಿ ಹಠಾತ್ತನೆ ಕಾಣಿಸಿಕೊಂಡು 3,89,600 ಪೌಂಡಿಗೆ ಮಾರಾಟವಾಯಿತು. 2010ರಲ್ಲಿ ಅಲ್ಲಿಯೇ ಇನ್ನೊಂದು ಹುಲಿಮುಖ ಬಿಕರಿಯಾಯಿತು. ವಾಲೇಸನ ಹುಲಿಗೆ 2021ರಲ್ಲಿ 15 ಲಕ್ಷ ಪೌಂಡ್ ಬೆಲೆ ಕಟ್ಟಿ, ಅದು ಹೊರದೇಶಕ್ಕೆ ಹೋಗದಂತೆ ಬ್ರಿಟಿಷ್ ಸರ್ಕಾರ ತಾತ್ಕಾಲಿಕ ತಡೆ ಹಾಕಿತು. ಶ್ರೀರಂಗಪಟ್ಟಣದಿಂದ ಒಯ್ದ ವಸ್ತು ತಮ್ಮ ದೇಶದಿಂದ ಹೊರಹೋಗಬಾರದೆಂಬ ಈ ಕಳಕಳಿಯನ್ನು ಓದಿ ಕನ್ನಡಿಗನು ನಗದಿದ್ದರೆ ಅದು ಅವನ ಸೌಜನ್ಯ.

ಬೆಲೆ ಹೀಗೆ ಏರಲು ಚಿನ್ನವೊಂದೇ ಕಾರಣವಲ್ಲ. ಮುಷ್ಟಿಯಲ್ಲಿ ಅಡಗುವಷ್ಟು ಚಿಕ್ಕ ವಸ್ತು. ಕರಗಿಸಿದರೆ ದೊರೆಯುವ ಹಣ ಆ ಮೊತ್ತದ ಹತ್ತಿರಕ್ಕೂ ಬಾರದು. ಕೋಟೆಯ ಗುಮಾಸ್ತನೊಬ್ಬನು ಪಟ್ಟಿಯಲ್ಲಿ ಗೀಚಿದ ಆ ನಮೂದು ಅದನ್ನು ಟೀಪೂವಿನ ಹುಲಿಯಾಗಿ ಉಳಿಸಿತು.

ನಮ್ಮ ಮನೆಗಳಲ್ಲಿಯೂ ಇಂಥ ವಿವೇಕವೊಂದಿತ್ತು. ಮದುವೆಯಲ್ಲಿ ಉಡುಗೊರೆಯಾಗಿ ಬಂದ ಹಿತ್ತಾಳೆಯ ಕೊಡದ ಕಂಠದಲ್ಲಿ ಕೊಟ್ಟವರ ಹೆಸರು, ಊರು, ಇಸವಿಗಳನ್ನು ಚುಕ್ಕೆ ಚುಕ್ಕೆಯಾಗಿ ಕೊರೆಸುತ್ತಿದ್ದರು. ಸ್ಟೀಲಿನ ಕಾಲದಲ್ಲಿ ಅವೆಷ್ಟೋ ಗುಜರಿಯ ತಕ್ಕಡಿಯನ್ನೇರಿದುವು. ದೇವಾಲಯದ ದೀಪ, ಗಂಟೆ, ಲೋಹಮೂರ್ತಿಗಳ ವಿಷಯ ಇನ್ನೂ ಸೂಕ್ಷ್ಮವಾದುದು. 1972ರ ಪುರಾತನ ವಸ್ತುಗಳ ಕಾಯಿದೆ, ನೂರು ವರ್ಷ ಮೀರಿದ ಶಿಲ್ಪಗಳನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸದಂತೆ ನಿಷೇಧಿಸಿದೆ. ಅವುಗಳ ನೋಂದಣಿಗೂ ಅವಕಾಶ ಕಲ್ಪಿಸಿದೆ. ಆದರೆ ಕಳುವಾದ ಮೂರ್ತಿ ಪರದೇಶದ ಅಂಗಡಿಯಲ್ಲಿ ಕಾಣಿಸಿಕೊಂಡಾಗ ‘ಇದು ನಮ್ಮದು’ ಎಂಬ ಮಾತೊಂದೇ ಸಾಲದು. ಹಳೆಯ ಛಾಯಾಚಿತ್ರವನ್ನೋ, ಅಳತೆಯುಳ್ಳ ಪಟ್ಟಿಯನ್ನೋ ಮುಂದಿಡಬೇಕು. ನಾಗರಖಂಡದ ಊರುಗಳಲ್ಲಿ ಗದ್ದೆಯ ಎಲ್ಲೆಗೆ ಕಲ್ಲಿನ ಸಾಕ್ಷಿಯುಂಟು. ಗರ್ಭಗುಡಿಯ ಮುಂದೆ ಉರಿಯುವ ದೀಪಕ್ಕೆ ಅನೇಕ ಕಡೆ ಅರ್ಚಕರ ನೆನಪೊಂದೇ ದಾಖಲೆ.