ಸಿರಿಕಲ್ಚರ್

ನಮ್ಮಪ್ಪ ಯಾರನ್ನೇ ಪರಿಚಯ ಮಾಡ್ಕೊಳ್ಳಲಿ, 'ನಮ್ದು ಸಿರಿಕಲ್ಚರ್' ಅಂತಾರೆ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ನಾನು ಕೇಳಿ ಬೆಳೆದದ್ದೂ ಅದನ್ನೇ. ಹೋದ ಭಾನುವಾರ ಬೆಂಗಳೂರಿನಿಂದ ಬಂದಿದ್ದ ಆಫೀಸಿನ ಗೆಳೆಯರ ಎದುರಿಗೇ ತಿದ್ದಿಬಿಟ್ಟೆ: 'ಸಿರಿ ಅಲ್ಲಪ್ಪಾ, ಸೆರಿ. ಸೆರಿಕಲ್ಚರ್.' ಅಪ್ಪ ಸುಮ್ಮನಾದರು.

ರಾತ್ರಿ ಡಿಕ್ಷನರಿ ನೋಡಿದೆ. ಉಚ್ಚಾರಣೆ ನಂದೇ ಸರಿ. ಚೀನಾ ಕಡೆಯ ರೇಷ್ಮೆ ನಾಡಿನವರನ್ನು ಗ್ರೀಕರು 'ಸೇರೆಸ್' ಅನ್ನುತ್ತಿದ್ದರಂತೆ, ಪದದ ಮೂಲ ಅದು. ಹುಳದ ಸುದ್ದಿಯೇ ಅದರಲ್ಲಿಲ್ಲ! ಅಪ್ಪನ ಬಾಯಲ್ಲಿ ಮಾತ್ರ, ರೇಟು ಬಿದ್ದ ವರ್ಷಗಳಲ್ಲೂ, ಅದು ಸಿರಿಯೇ.

ಹುಳಮನೆಯ ಮಾತೇ ಬೇರೆ. ಪೊರೆ ಬಿಡುವ ಮುಂಚೆ ಹುಳ ಸೊಪ್ಪು ಮುಟ್ಟದೆ ತಲೆಯೆತ್ತಿ ಮಲಗುತ್ತದಲ್ಲ, ಅದು 'ಜ್ವರ'. ಗೂಡು ಕಟ್ಟೋಕೆ ಸಿದ್ಧವಾದರೆ 'ಹಣ್ಣಾಯ್ತು'. ನಾಲ್ಕು ಜ್ವರ ದಾಟಿದ ಹುಳಕ್ಕೆ ಹಸಿವೋ ಹಸಿವು; ಹಣ್ಣಾಗೋವರೆಗೂ ಮನೇಲಿ ಯಾರಿಗೂ ನಿದ್ದೆಯಿಲ್ಲ.

ಬೆಳಿಗ್ಗೆ ಸಾರಿ ಕೇಳೋಣ ಅಂತ ಹಿಪ್ಪುನೇರಳೆ ತೋಟಕ್ಕೆ ಹೋದೆ. ಅಪ್ಪ ತಿರುಗಿ ನೋಡದೆ ಅಂದರು: 'ಸೆರಿನೋ ಸಿರಿನೋ, ಏನೋ ಒಂದು. ಹುಳ ನಾಲ್ಕನೇ ಜ್ವರ ಎದ್ದೈತೆ, ಸೊಪ್ಪು ಕೊಯ್ಯೋಕೆ ಜನ ಇಲ್ಲ. ಲೀವ್ ಸಿಗ್ತದೇನಪ್ಪಾ?'

ಒಂಬತ್ತೂವರೆಗೆ ಕಾಲ್ ಇತ್ತು. ಮ್ಯಾನೇಜರಿಗೆ ಮೆಸೇಜ್ ಹಾಕಿದೆ: ಮನೇಲಿ ಜ್ವರ, ಇವತ್ತು ಬರಲ್ಲ.